ರಜಾ ಇದೆ, ಸದ್ದು ಮಾಡಬೇಡಿ

ನಮ್ಮ ಮಾವ ಹಾಸನದ ಖಜಾನೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಅಷ್ಟೂ ವರ್ಷದಲ್ಲಿ ಅವರು ಭಕ್ತಿಯಿಟ್ಟು ಓದಿದ ಸರ್ಕಾರಿ ಆದೇಶ ಒಂದೇ, ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿ. ಯಾವ ಹಬ್ಬ ಎರಡನೇ ಶನಿವಾರಕ್ಕೆ ಬಿದ್ದು ಹಾಳಾಯಿತು, ಯಾವ ಜಯಂತಿ ಭಾನುವಾರಕ್ಕೆ ಆಹುತಿಯಾಯಿತು ಎನ್ನುವುದನ್ನು ತೀರಿಹೋದ ಬಂಧುಗಳ ಹೆಸರು ಹೇಳುವ ಹಾಗೆ ಹೇಳುತ್ತಾರೆ. 2024ರ ಆಗಸ್ಟ್ 10ರ ಶನಿವಾರ ಅವರು ಮ್ಯೂನಿಕ್‌ನಲ್ಲಿ ಇಳಿದರು. ಅತ್ತೆ ಸೂಟ್‌ಕೇಸಿನಿಂದ ಹುರಿಟ್ಟು, ಮೆಂತ್ಯದ ಹಿಟ್ಟು, ಹೊಸ ಮಿಕ್ಸಿ ತೆಗೆಯುವಷ್ಟರಲ್ಲಿ ಮಾವ ಫ್ರಿಜ್ಜಿಗೆ ಅಂಟಿಸಿದ್ದ ಕ್ಯಾಲೆಂಡರಿನ ಮುಂದೆ ನಿಂತಾಗಿತ್ತು.

"ಕೆಂಪಗಿರೋದೆಲ್ಲ ರಜಾನೇನಮ್ಮ?"

"ಹೌದು ಮಾವ. ಬವೇರಿಯಾದಲ್ಲಿ ವರ್ಷಕ್ಕೆ 13. ಜರ್ಮನಿಯ ಬೇರೆ ಯಾವ ರಾಜ್ಯಕ್ಕೂ ಇಷ್ಟಿಲ್ಲ."

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಇಲ್ಲಿಂದ ಅರವತ್ತು ಕಿಲೋಮೀಟರ್ ಆಚೆಯ ಆಗ್ಸ್‌ಬುರ್ಗ್ ಊರಿಗೆ 14 ಅಂದುಬಿಟ್ಟೆ. 1650ರಿಂದ ಅಲ್ಲಿ ಶಾಂತಿಹಬ್ಬ ಅಂತ ಆಚರಿಸುತ್ತಾರೆ, ಆಗಸ್ಟ್ 8ಕ್ಕೆ, ಆ ಊರೊಂದಕ್ಕೇ ರಜೆ. "ಕೊಡಗಿಗೆ ಹುತ್ತರಿ ರಜೆ ಕೊಡೋ ಹಾಗೆ, ಸ್ಥಳೀಯ ರಜೆ," ಎಂದು ಮಾವ ತಕ್ಷಣ ವರ್ಗೀಕರಿಸಿದರು. ಆಮೇಲೆ ಮಗನ ಕಡೆ ತಿರುಗಿ, "ಟಿಕೆಟ್ಟು ಎರಡು ದಿನ ಮುಂಚೆ ಮಾಡಿಸೋಕೆ ಏನಾಗಿತ್ತೋ ನಿನಗೆ?" ಅಂದರು. ನಿವೃತ್ತರಾಗಿ ಹನ್ನೊಂದು ವರ್ಷವಾದವರಿಗೆ ರಜೆ ತಪ್ಪಿದ ಸಂಕಟ!

ಅವರ ವೀಸಾ 90 ದಿನದ್ದು. ಅಷ್ಟರೊಳಗೆ ಮೂರು ಕೆಂಪು ದಿನ ಸಿಕ್ಕವು. ಮಾವ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿ ತಾಳೆ ನೋಡಿದರು. ಆಗಸ್ಟ್ 15, ಮಾತೆ ಮರಿಯಮ್ಮ ಸ್ವರ್ಗಕ್ಕೇರಿದ ದಿನ. ನಮಗೆ ಸ್ವಾತಂತ್ರ್ಯ ದಿನ. ಅಕ್ಟೋಬರ್ 3, 1990ರಲ್ಲಿ ಎರಡು ಜರ್ಮನಿ ಒಂದಾದ ದಿನ. ಆ ವರ್ಷ ನಮಗೆ ನವರಾತ್ರಿಯ ಪಾಡ್ಯ. ನವೆಂಬರ್ 1, ಅವರಿಗೆ ಸಕಲ ಸಂತರ ಹಬ್ಬ. ನಮಗೆ ರಾಜ್ಯೋತ್ಸವ, ಅದೂ ದೀಪಾವಳಿ ಅಮಾವಾಸ್ಯೆಯ ಸಮೇತ. "ಯಾರೋ ನಮ್ಮವರೇ ಕೂತು ಟೈಪ್ ಮಾಡಿಸಿದ ಪಟ್ಟಿ ಇದು," ಎಂದು ಮಾವ ಷರಾ ಬರೆದರು. ನನಗೂ ಆಗ ಹಾಗೇ ಅನ್ನಿಸಿತ್ತು.

ಮರುದಿನ ಭಾನುವಾರ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಊರಿಗಿಂತ ಮೂರೂವರೆ ಗಂಟೆ ಹಿಂದೆ. ಹಾಸನದ ಆರು ಗಂಟೆಗೆ ಅತ್ತೆಗೆ ಎಚ್ಚರವಾಯಿತು, ಅಂದರೆ ಇಲ್ಲಿ ನಡುರಾತ್ರಿ ಎರಡೂವರೆ. ಐದೂವರೆಯವರೆಗೆ ಹೇಗೋ ತಡೆದುಕೊಂಡು, ಆಮೇಲೆ ಕಾಯಿಚಟ್ನಿಗೆ ಮಿಕ್ಸಿ ಹಾಕಿದರು. 750 ವ್ಯಾಟಿನದು. ಹಾಸನದಲ್ಲಿ ಅದು ಕೂಗಿದರೆ ಪಕ್ಕದ ಮನೆಯವರು 'ಇವರಲ್ಲಿ ಇವತ್ತು ದೋಸೆ' ಅಂದುಕೊಂಡು ಸುಮ್ಮನಾಗುತ್ತಿದ್ದರು. ಇಲ್ಲಿ ಕೆಳಗಿನ ಮನೆಯ ಅಜ್ಜಿ ಪೊರಕೆ ಹಿಡಿಯಿಂದ ತಮ್ಮ ಸೂರನ್ನು ಕುಟ್ಟಿದರು. ಯಾರೋ ಬಂದರೆಂದು ಅತ್ತೆ ಹೋಗಿ ಬಾಗಿಲು ತೆಗೆದು ನೋಡಿ, ಯಾರೂ ಇಲ್ಲವೆಂದು ಬಂದು ಇನ್ನೊಂದು ಸುತ್ತು ತಿರುಗಿಸಿದರು.

ಮೂರನೇ ಕ್ಲಾಸಿನ ನನ್ನ ಮಗಳು ಕಣ್ಣುಜ್ಜಿಕೊಂಡು ಓಡಿ ಬಂದಳು. "ಅಜ್ಜೀ, ರೂಎ ತ್ಸೈಟ್! ರೂಎ ತ್ಸೈಟ್!"

ಮಾವ ಹಾಸಿಗೆಯಿಂದಲೇ ತಲೆಯೆತ್ತಿದರು. "ಸೈಟಾ? ಎಲ್ಲಂತೆ? ಥರ್ಟಿ ಫಾರ್ಟೀನಾ?"

ಸೈಟಲ್ಲ, ಸದ್ದಡಗಿಸಬೇಕಾದ ಹೊತ್ತು ಅಂತ ಬಿಡಿಸಿ ಹೇಳಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರ ಮತ್ತು ರಜಾ ದಿನವಾದರೆ ಬೆಳಗಿನಿಂದ ರಾತ್ರಿಯವರೆಗೂ. ಆವತ್ತು ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಗೋಡೆಗೆ ಡ್ರಿಲ್ ಇಡುವಂತಿಲ್ಲ. ಏಳೂವರೆ ಟನ್ ಮೀರಿದ ಲಾರಿಗಳು ರಾತ್ರಿ ಹತ್ತರವರೆಗೆ ನಿಂತಲ್ಲೇ ನಿಂತಿರಬೇಕು. ಖಾಲಿ ಬಾಟಲಿಯನ್ನು ಬೀದಿ ಕೊನೆಯ ಗಾಜಿನ ತೊಟ್ಟಿಗೆ ಹಾಕಿದರೂ ತಪ್ಪು, ಢಣ್ ಅನ್ನುತ್ತದಲ್ಲ! ಮಿಕ್ಸಿ ಎಂಬ ಪದ ಯಾವ ಕಾನೂನಿನಲ್ಲೂ ಇಲ್ಲ, ನಿಜ. ಆದರೆ ಕಾನೂನು ಬರೆದವರು ನಮ್ಮ ಮಿಕ್ಸಿ ಕೇಳಿರಲಿಲ್ಲ.

"ಸಂವಿಧಾನದಲ್ಲೇ ಇದೆಯಪ್ಪಾ," ಎಂದರು ಇವರು, ನಿದ್ದೆಗಣ್ಣಿನಲ್ಲೇ. ಭಾನುವಾರವೂ ಸರ್ಕಾರ ಒಪ್ಪಿದ ರಜೆಗಳೂ ದುಡಿಮೆಯಿಂದ ಬಿಡುವಿಗೆ, ಮನಸ್ಸಿನ ಉನ್ನತಿಗೆ ಮೀಸಲು ಎಂದು 1919ರ ವೈಮಾರ್ ಸಂವಿಧಾನದ 139ನೇ ವಿಧಿ ಹೇಳುತ್ತದೆ. 1949ರ ಸಂವಿಧಾನ ಆ ಸಾಲನ್ನು ಹಾಗೇ ಉಳಿಸಿಕೊಂಡಿದೆ. ಮಾವನಿಗೆ ರೋಮಾಂಚನ. ಅತ್ತೆ ಚಟ್ನಿಗೆ ಒಗ್ಗರಣೆ ಹಾಕುತ್ತಾ, "ಅದನ್ನ ಬರೆದೋರ ಮನೇಲಿ ಭಾನುವಾರದ ಅಡುಗೆ ಯಾರು ಮಾಡ್ತಿದ್ರು, ಅದನ್ನೂ ಕೇಳಿ," ಅಂದರು.

ಅಂದಿನಿಂದ ರಜಾ ದಿನ ಬಂತೆಂದರೆ ಮಿಕ್ಸಿಗೆ ರಜಾಯಿ. ಎರಡು ಮಡಿಕೆ ಸುತ್ತಿ, ಮಂಚದ ನಡುವೆ ಕೂರಿಸಿ, ಮಗು ಮಲಗಿಸುವಂತೆ ಮೇಲೆ ಕೈಯಿಟ್ಟು ತಿರುಗಿಸುತ್ತಿದ್ದೆವು.

ಆಗಸ್ಟ್ 15 ಗುರುವಾರ ಬಂತು. ಈ ರಜೆ ಬವೇರಿಯಾದ ಎಲ್ಲ ಊರಿಗೂ ಇಲ್ಲ. ಕ್ಯಾಥೊಲಿಕರು ಪ್ರೊಟೆಸ್ಟಂಟರಿಗಿಂತ ಹೆಚ್ಚಿರುವ ಊರಿಗೆ ಮಾತ್ರ. 2056 ಊರುಗಳಲ್ಲಿ 1700ಕ್ಕೂ ಹೆಚ್ಚಿನವಕ್ಕೆ ಸಿಗುತ್ತದೆ. ಜನಗಣತಿ ನೋಡಿ ರಜೆ ಕೊಡುತ್ತಾರೆಂದು ಕೇಳಿ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಗುರುವಾರ ರಜೆ, ಶನಿವಾರ ಭಾನುವಾರ ಹೇಗೂ ರಜೆ, ನಡುವೆ ಬಡಪಾಯಿ ಶುಕ್ರವಾರ. ಅದಕ್ಕೆ ಇಲ್ಲಿ 'ಸೇತುವೆ ದಿನ' ಅನ್ನುತ್ತಾರೆ. ನಾನೂ ಇವರೂ ರಜೆ ಹಾಕಿದ್ದೆವು. "ನಮ್ಮಲ್ಲಿ ಸೇತುವೆ ಅಂದ್ರೆ ಟೆಂಡರ್ ಕರೀಬೇಕು. ಇವರು ಒಂದು ಸಿ.ಎಲ್.ನಲ್ಲಿ ಕಟ್ಟಿಬಿಟ್ಟರಲ್ಲ!"

ಆ ಶುಕ್ರವಾರವೇ ವರಮಹಾಲಕ್ಷ್ಮಿ. ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಹೋಗುವುದು ನಮ್ಮ ಹೆಂಗಸರ ರಕ್ತದಲ್ಲೇ ಇದೆ. ಗುರುವಾರ ಹತ್ತು ಗಂಟೆಗೆ ಅತ್ತೆ ಚೀಲ ಹಿಡಿದು ಹೊರಟರು. ಊರಿಗೆ ಊರೇ ಬಾಗಿಲು ಹಾಕಿತ್ತು. "ಬಂದ್‌ಗೆ ಯಾರು ಕರೆ ಕೊಟ್ಟಿದ್ದಾರೆ?" ಮೊಸರಿಲ್ಲ, ಬಾಳೆಹಣ್ಣಿಲ್ಲ, ಹೂವಿಲ್ಲ. ಇಂಥ ದಿನವೂ ವಿಮಾನ ನಿಲ್ದಾಣದಲ್ಲಿ ಅಂಗಡಿ ತೆರೆದಿರುತ್ತದೆ. ಲೋಕಲ್ ರೈಲು ಹತ್ತಿ ಹೋದೆವು. ಐದು ದಿನದ ಹಿಂದೆ ಇಳಿದಿದ್ದ ಜಾಗಕ್ಕೆ ಮತ್ತೆ ಕರೆತಂದದ್ದು ನೋಡಿ ಅತ್ತೆಯ ಮುಖ ಸಣ್ಣಗಾಯಿತು. ಮಿಕ್ಸಿಯ ವಿಷಯಕ್ಕೆ ವಾಪಸ್ ಕಳಿಸುತ್ತಿದ್ದೇವೆ ಅಂದುಕೊಂಡಿದ್ದರಂತೆ. ಮೊಸರು, ಬಾಳೆಹಣ್ಣು, ಒಂದು ಕಟ್ಟು ಗುಲಾಬಿ ಸಿಕ್ಕವು. ಕಾಯಿ ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ಟರ್ಕಿಯವರ ಅಂಗಡಿಯ ಷಟರ್ ಮುಂದೆ ಕಾದು ನಿಂತು, ತಂದು, ರಾಹುಕಾಲಕ್ಕೆ ಮುಂಚೆ ಕಳಶಕ್ಕೇರಿಸಿದೆ.

ಅಕ್ಟೋಬರ್ 3ರದು ಸಣ್ಣ ಕತೆ. ಗೊಂಬೆ ಕೂರಿಸುವ ಮೆಟ್ಟಿಲಿನ ಹಲಗೆ ಅಲುಗಾಡುತ್ತಿತ್ತು. ಇವರು ಸುತ್ತಿಗೆಗೆ ಎರಡು ಉಣ್ಣೆ ಕಾಲುಚೀಲ ತೊಡಿಸಿ ಮೊಳೆ ಹೊಡೆದರು. ಸದ್ದು ಬರಲಿಲ್ಲ, ಮೊಳೆಯೂ ಇಳಿಯಲಿಲ್ಲ. ಪಟ್ಟದ ರಾಜ ರಾಣಿ ಒಂಬತ್ತು ದಿನ ಓರೆಯಾಗಿಯೇ ದರ್ಬಾರು ನಡೆಸಿದರು.

ಈಸ್ಟರ್ ಲೆಕ್ಕ ಕೇಳಿದ ದಿನ ಮಾತ್ರ ಮಾವನಿಗೆ ಈ ದೇಶ ಪೂರ್ತಿ ಒಲಿಯಿತು. ಮಾರ್ಚ್ 21ರಂದು ಇಲ್ಲವೇ ಅದರ ನಂತರ ಹುಣ್ಣಿಮೆ ಬರಬೇಕು, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಅಲ್ಲಿಂದ 39 ದಿನಕ್ಕೆ ಒಂದು ರಜೆ, 50ಕ್ಕೊಂದು, 60ಕ್ಕೊಂದು. "ಇವರದೂ ತಿಥಿ ಲೆಕ್ಕವೇ ಅನ್ನಿ! ಆದರೆ ಜಾಣರು. 39, 60 ಎರಡೂ ಗುರುವಾರ, 50 ಸೋಮವಾರ. ಭಾನುವಾರಕ್ಕೆ ಬೀಳೋ ಭಯವೇ ಇಲ್ಲ." ನಮ್ಮ ಪಂಚಾಂಗಕರ್ತರಿಗೆ ಈ ಉಪಾಯ ಹೊಳೆಯದೆ ಹೋಯಿತಲ್ಲ ಎಂದು ಎರಡು ದಿನ ಕೊರಗಿದರು.

ನವೆಂಬರ್ 1ಕ್ಕೆ ನಮ್ಮ ಕನ್ನಡ ಬಳಗದವರು, ಒಂದಿಪ್ಪತ್ತು ಮನೆಯವರು, ಒಂದು ಹಾಲ್ ಹಿಡಿದಿದ್ದೆವು. ರಜೆಯ ದಿನವೇ ರಾಜ್ಯೋತ್ಸವ ಸಿಗುವುದೆಂದರೆ ಸಾಮಾನ್ಯವೇ? ಮಕ್ಕಳ ಕೋಲಾಟ, ಸ್ಪೀಕರಿನಲ್ಲಿ ಡೊಳ್ಳು, ಸಿನಿಮಾ ಹಾಡಿಗೆ ಕುಣಿತ, ಎಲ್ಲ ತಯಾರಿ. ವಾರ ಮುಂಚೆ ಬೀಗದ ಕೈ ಕೊಡಲು ಬಂದ ಹಿರಿಯರು ಕಾರ್ಯಕ್ರಮದ ಪಟ್ಟಿ ನೋಡಿ ತಲೆಯಾಡಿಸಿದರು. ಅದು ಬರೀ ರಜೆಯಲ್ಲ, 'ಮೌನ ದಿನ'. ಎಲ್ಲರೂ ಸ್ಮಶಾನಕ್ಕೆ ಹೋಗಿ ತಮ್ಮ ಹಿರಿಯರ ಸಮಾಧಿ ಮೇಲೆ ದೀಪ ಇಡುತ್ತಾರೆ. ಬೆಳಗಿನ ಜಾವ ಎರಡರಿಂದ ನಡುರಾತ್ರಿಯವರೆಗೆ ಕುಣಿತಕ್ಕೆ ನಿಷೇಧ. ದಿನದ ಗಾಂಭೀರ್ಯಕ್ಕೆ ಒಪ್ಪುವ ಕಾರ್ಯಕ್ರಮ ಮಾತ್ರ ಮಾಡಬಹುದು. ಪಟ್ಟಿಯಲ್ಲಿ ಅಂಥದ್ದು ಯಾವುದಿದೆ?

ನಾವು ಮೇಲಿನಿಂದ ಕೆಳಗೆ ನೋಡಿದೆವು. ಒಂದೇ ಒಂದಿತ್ತು. ನಮ್ಮ ಮಾವನ ಭಾಷಣ.

ಕೋಲಾಟ ಡೊಳ್ಳೆಲ್ಲ ಮುಂದಿನ ವಾರಕ್ಕೆ ಹೋದವು. ಆವತ್ತು ಎರಡೂವರೆ ನಿಮಿಷದ ನಾಡಗೀತೆ ಮೆಲುದನಿಯಲ್ಲಿ, ಆಮೇಲೆ ಐವತ್ತು ನಿಮಿಷ ಮಾವ. 1956ರ ಏಕೀಕರಣದಿಂದ ಹೊರಟು 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಗುವಷ್ಟರಲ್ಲಿ ಮುಂದಿನ ಸಾಲಿನ ಮೂರು ಮಕ್ಕಳು ಮಲಗಿದ್ದವು. ಹಾಲ್‌ನ ಹಿರಿಯರು ಬಾಗಿಲಲ್ಲಿ ಇಣುಕಿ, ಸಭೆಯ ಗಾಂಭೀರ್ಯ ನೋಡಿ, ಬಹಳ ಮೆಚ್ಚಿ ಹೋದರು.

ಮನೆಗೆ ಬಂದರೆ ಬಾಲ್ಕನಿ ತುಂಬಾ ದೀಪ. ನಾನು ಆಫೀಸಿಗೆ ಹೋದಾಗ ಅತ್ತೆ ಸೂಪರ್ ಮಾರ್ಕೆಟ್ಟಿನಿಂದ ತಾವೇ ಆರಿಸಿ ತಂದಿದ್ದಂತೆ: ಕೆಂಪು ಡಬ್ಬಿ, ಚಿನ್ನದ ಬಣ್ಣದ ಮುಚ್ಚಳ, ಸಾಲಾಗಿ ಹನ್ನೆರಡು. "ದೀಪಾವಳಿಗೇಂತ ರಾಶಿ ಹಾಕಿದ್ರು ಕಣೇ. ಗಾಳಿಗೆ ಆರಲ್ಲ ನೋಡು."

ಅವು ಎಲ್ಲಿಗೆ ಹಚ್ಚುವ ದೀಪ ಅಂತ ನಾನು ಬಾಯಿ ತೆರೆಯುವ ಮೊದಲೇ ಗಂಟೆ ಬಾರಿಸಿತು. ಕೆಳಗಿನ ಮನೆಯ ಅಜ್ಜಿ. ಕಪ್ಪು ಕೋಟು, ಒದ್ದೆ ಕಣ್ಣು. ಅತ್ತೆಯ ಎರಡೂ ಕೈ ಹಿಡಿದು, ಮೆಲ್ಲಗೆ ಸಂತಾಪ ಹೇಳಿದರು. ಅತ್ತೆ ನನ್ನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಹಬ್ಬದ ಶುಭಾಶಯ ಹೇಳಿದ್ರು! ನಿಮಗೂ ಅಂತ ಹೇಳೇ," ಎಂದು ಒಳಗೋಡಿ ತಟ್ಟೆ ತುಂಬ ಕಜ್ಜಾಯ ತಂದರು. ಅಜ್ಜಿ ಕಜ್ಜಾಯ ಹಿಡಿದು ಬಾಲ್ಕನಿಯ ಕಡೆ ನೋಡಿದರು. ತುಟಿ ಅಲುಗಿದ್ದರಿಂದ ಎಣಿಸುತ್ತಿದ್ದಾರೆಂದು ಗೊತ್ತಾಯಿತು.

"ಹನ್ನೆರಡು ಜನವೇ?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

ನಾನು ತಲೆ ತಗ್ಗಿಸಿದೆ. ಅದನ್ನು ಅವರು ಹೇಗೆ ಬೇಕಾದರೂ ತಿಳಿದುಕೊಳ್ಳಲಿ.

ಎರಡು ದಿನ ಬಿಟ್ಟು ಭಾನುವಾರ ಬೆಳಿಗ್ಗೆ ಅತ್ತೆ ರಜಾಯಿ ಮರೆತು ಮಿಕ್ಸಿ ಹಾಕಿದರು. ಅಡುಗೆಮನೆಯಲ್ಲಿ ನಾವು ನಾಲ್ಕೂ ಜನ ಉಸಿರು ಹಿಡಿದು ನೆಲ ನೋಡುತ್ತಾ ನಿಂತೆವು. ಪೊರಕೆ ಸದ್ದು ಬರಲಿಲ್ಲ. ಅತ್ತೆ ಇನ್ನೊಂದು ಹಿಡಿ ಕಾಯಿತುರಿ ಹಾಕಿ ಮತ್ತೆ ತಿರುಗಿಸಿದರು.