ಪಿತ್ರಾರ್ಜಿತ ಲಘುರಂಧ್ರ ಕೋವಿ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ, ಅಥವಾ ಪರಿಕಲ್ಪನಾತ್ಮಕ ಚೌಕಟ್ಟಿನ ಹುಡುಕಾಟದ ನೆಲೆಗಳು

ಪ್ರಸ್ತುತ ಪ್ರಬಂಧವು ಗತಿಸಿದ ಹೆತ್ತವರ ಹಳೆಯ ಪಾಯಿಂಟ್ ಟೂಟೂ ರೈಫಲ್ಲೊಂದನ್ನು ಪಡೆಯುವ, ಇಟ್ಟುಕೊಳ್ಳುವ ಮತ್ತು ಹೊಡೆಯುವ ತ್ರಿವಿಧ ಕ್ರಿಯೆಗಳ ತಾತ್ವಿಕ ನೆಲೆಗಳನ್ನು ಶೋಧಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ವಿನಮ್ರ ಎಂಬುದನ್ನು ಇಲ್ಲಿ ವಿಚಾರ ಸಂಕಿರಣಗಳ ರೂಢಿಯಂತೆ, ಊಟದ ಹೊತ್ತು ಮೀರಿದರೂ ಮೈಕು ಬಿಡಲಾರೆ ಎಂಬ ಅರ್ಥದಲ್ಲಿ ಗ್ರಹಿಸತಕ್ಕದ್ದು.

ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಇರಲೇಬೇಕೆಂದು ಪೂರ್ವಸೂರಿಗಳು ವಿಧಿಸಿದ್ದಾರೆ. ನಮ್ಮಲ್ಲಿ ಅಧಿಕಾರಿ ಎಂದರೆ ಜಿಲ್ಲಾ ದಂಡಾಧಿಕಾರಿಗಳು. ವಿಷಯ, ಕೋವಿ. ಸಂಬಂಧವು ವಂಶವೃಕ್ಷ ಪ್ರಮಾಣಪತ್ರದಿಂದ ಸಿದ್ಧವಾಗುತ್ತದೆ. ನಾಡಕಚೇರಿಯಲ್ಲಿ ಸರ್ವರ್ ಡೌನ್ ಇದ್ದ ದಿನ ತಾಯಿಗೂ ಮಗನಿಗೂ ಯಾವ ಸಂಬಂಧವೂ ಇರುವುದಿಲ್ಲ. ಪ್ರಯೋಜನವೇನೆಂದು ನೆಂಟರು ಇನ್ನೂ ಕೇಳುತ್ತಿದ್ದಾರೆ.

ಶೀರ್ಷಿಕೆಯ ಬಗ್ಗೆ ಒಂದು ಸ್ಪಷ್ಟೀಕರಣ. ಕೋವಿ ನಮ್ಮಪ್ಪನದಲ್ಲ, ಅಮ್ಮನದು. ಅಪ್ಪ ಬಯಲುಸೀಮೆಯಲ್ಲಿ ಮೇಷ್ಟರಾಗಿದ್ದು ರಜೆಗೆ ಮನೆಗೆ ಬರುತ್ತಿದ್ದರು. ಅಡಿಕೆ ತೋಟ, ಆಳು, ಕೊನೆಗೌಡ, ಮಂಗ, ಸೊಸೈಟಿಯ ಸಾಲ ಎಲ್ಲವನ್ನೂ ನಿಭಾಯಿಸಿದವಳು ಅಮ್ಮ. ಲೈಸೆನ್ಸೂ ಅವಳ ಹೆಸರಿನಲ್ಲೇ ಇತ್ತು. ಇದನ್ನು ಸಂಕಿರಣದ ಆಯೋಜಕರಿಗೆ ತಿಳಿಸಿದಾಗ, "ಬ್ಯಾನರ್ ಆಗ್ಲೇ ಪ್ರಿಂಟಾಗಿದೆ ಸರ್, ಪಿತೃವನ್ನ ಒಂದು ರೂಪಕವಾಗಿ ಓದ್ಕೋಬಹುದಲ್ಲ" ಎಂದರು. ಆದ್ದರಿಂದ ಇಲ್ಲಿಂದಾಚೆ ಅಮ್ಮನನ್ನು ರೂಪಕಾತ್ಮಕ ಪಿತೃ ಎಂದು ಓದಿಕೊಳ್ಳತಕ್ಕದ್ದು.

ವಿಷಯ ನಿರೂಪಣೆ: ಅಂಚು ಮತ್ತು ಕೇಂದ್ರದ ದ್ವಂದ್ವಾತ್ಮಕ ಸಂಕಥನ

ಚರ್ಚಾಧೀನ ವಸ್ತುವು ಚೆಕೊಸ್ಲೊವಾಕಿಯಾ ಎಂಬ ದೇಶ ಭೂಪಟದಲ್ಲಿದ್ದ ಕಾಲದ ಬ್ರನೋ ರೈಫಲ್. ಬೋಲ್ಟ್ ಎಳೆದು ತಳ್ಳುವ ಜಾತಿಯದು. ನಳಿಗೆಯ ರಂಧ್ರ ಸುಮಾರು 5.6 ಮಿಲಿಮೀಟರ್. ಇದು ತಿನ್ನುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇದರ ವೈಶಿಷ್ಟ್ಯವೆಂದರೆ ಸಿಡಿಮದ್ದು ತೋಟಾದ ಬುಡದ ನಡುವಿನಲ್ಲಿರದೆ ಅಂಚಿನ ಮಡಿಕೆಯೊಳಗಿರುತ್ತದೆ. ಸೂಜಿ ಅಂಚಿಗೆ ಬಡಿದರೆ ಮಾತ್ರ ಈಡು ಹಾರುತ್ತದೆ. ಕೇಂದ್ರವನ್ನು ನಿರಾಕರಿಸಿ ಅಂಚಿನಿಂದಲೇ ಸ್ಫೋಟಿಸುವ ಈ ಪ್ರತಿರೋಧದ ಮಾದರಿಯನ್ನು ನಮ್ಮ ವಿಮರ್ಶಕರು ಇಲ್ಲಿಯವರೆಗೆ ಗಮನಿಸದಿರುವುದು ಕನ್ನಡ ಚಿಂತನೆಯ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ. ಇದರ ಮೇಲೆ ಯಾರಾದರೂ ಪಿಎಚ್‌.ಡಿ. ಮಾಡಬಹುದು. ಮಾಡುತ್ತಾರೆ.

ಮೇಲ್ಕಂಡ ಸಿದ್ಧಾಂತದಿಂದ ಒಂದು ಆನುಷಂಗಿಕ ಸತ್ಯವೂ ಹೊರಡುತ್ತದೆ. ಇಂಥ ಹಳೆಯ ಕೋವಿಯನ್ನು ತೋಟಾ ಇಲ್ಲದೆ ಬರಿದೇ ಟಿಕ್ ಟಿಕ್ ಎನ್ನಿಸಿದರೆ ಸೂಜಿಯ ತುದಿ ಹೋಗಿ ನಳಿಗೆಯ ಅಂಚಿಗೇ ಬಡಿಯಬಹುದು. ಹಾಗೆ ಬಡಿಬಡಿದು ಆ ಜಾಗ ನೆಗ್ಗಿದರೆ ಆಮೇಲೆ ತೋಟಾ ಸರಿಯಾಗಿ ಕೂರುವುದಿಲ್ಲ. ಮನೆಗೆ ಬಂದ ಪ್ರತಿಯೊಬ್ಬ ಮಾವ, ಭಾವ, ಷಡ್ಡಕ ಮಾಡುವ ಮೊದಲ ಕೆಲಸವೇ ಇದು. ಎತ್ತಿ, ಒಂದು ಕಣ್ಣು ಮುಚ್ಚಿ, ದೇವರ ಫೋಟೋದ ಕಡೆಗೆ ಗುರಿಯಿಟ್ಟು ಟಿಕ್. ಕೋವಿ ಖಾಲಿಯೋ ತುಂಬಿದೆಯೋ ಎಂದು ಬೋಲ್ಟ್ ಎಳೆದು ನೋಡುವವರನ್ನು ನಾನು ಕಂಡಿಲ್ಲ. ಅಮ್ಮ ಇದ್ದಾಗ ಯಾರಿಗೂ ಈ ಧೈರ್ಯ ಇರಲಿಲ್ಲ.

ಪೂರ್ವಪಕ್ಷ: ಬಂದೂಕು ಪಂಡಿತರ ಮತ

ಪಂಡಿತರ ಆಕ್ಷೇಪ ಒಂದೇ: ಇದರಲ್ಲಿ ಏನು ಸಾಯುತ್ತೆ? ಜೋಡು ನಳಿಗೆಯ ಹನ್ನೆರಡನೇ ಬೋರಿನ ಮುಂದೆ ಇದು ಆಟಿಕೆ ಎಂಬುದು ಅವರ ದರ್ಶನ. ಈ ಪಂಥದವರಲ್ಲಿ ಹೆಚ್ಚಿನವರು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಹೈಸ್ಕೂಲಿನಲ್ಲಿ ಓದಿ, ಆ ನರಭಕ್ಷಕವನ್ನು ತಾವೇ ಹೊಡೆದದ್ದೆಂದು ಕ್ರಮೇಣ ನಂಬಿಕೊಂಡವರು. ಅವರಿಗೆ ಅಮ್ಮ ಕೊಡುತ್ತಿದ್ದ ಉತ್ತರ ಇಷ್ಟೇ: "ಸಾಯ್ಬೇಕು ಅಂತ ಯಾರು ಹೇಳಿದ್ರು?"

ಇದು ಪೂರ್ವಪಕ್ಷದ ಖಂಡನೆಯೆಂದು ಭಾವಿಸಿ ಮುಂದುವರಿಯುತ್ತೇನೆ, ಆದರೆ ಒಂದು ಲೆಕ್ಕ ಹೇಳಿಯೇ. ಸಾಮಾನ್ಯ ತೋಟಾದ ಸೀಸ 40 ಗ್ರೇನ್, ಎಂದರೆ 2.6 ಗ್ರಾಂ. ಅದು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ, ಹೆಚ್ಚುಕಮ್ಮಿ ಸದ್ದಿನ ಜೊತೆಜೊತೆಗೇ ಹೊರಡುತ್ತದೆ. ಆಕಾಶಕ್ಕೆ ಹೊಡೆದರೆ ಕಿಲೋಮೀಟರು ದಾಟಿ ಎಲ್ಲೋ ಯಾರದೋ ಅಂಗಳದಲ್ಲಿ ಬೀಳಬಹುದು. ಆಟಿಕೆ ಎಂದವರು ಈ ಲೆಕ್ಕ ಮಾಡುವುದಿಲ್ಲ. ಅಮ್ಮ ಲೆಕ್ಕ ಓದಿದವಳಲ್ಲ; ಅಡಿಕೆ ಮರದ ತಲೆಯಲ್ಲಿ ಮಂಗ ಕೂತು ಎಳೆಕಾಯಿ ಚೀಪುತ್ತಿದ್ದರೂ ಅವಳು ನಳಿಗೆಯನ್ನು ಮೇಲಕ್ಕೆತ್ತಿದ್ದಿಲ್ಲ. ತೋಟದ ಆಚೆ ಕೆಂಪುಮಣ್ಣಿನ ಎತ್ತರದ ದರೆಯಿದೆ. ಅದಕ್ಕೆ ಒಂದು ಈಡು. ಸದ್ದಿಗೆ ಮಂಗಗಳ ಹಿಂಡು ಎದ್ದು ಚಿಕ್ಕಪ್ಪನ ತೋಟಕ್ಕೆ ಹೋಗುತ್ತಿತ್ತು. ಚಿಕ್ಕಪ್ಪನಿಗೂ ನಮಗೂ ಮಾತು ಬಿಟ್ಟುಹೋದದ್ದರ ಆರ್ಥಿಕ, ಸಾಮಾಜಿಕ ಹಾಗೂ ಮರ್ಕಟ ಕಾರಣಗಳನ್ನು ಪ್ರತ್ಯೇಕ ಪ್ರಬಂಧದಲ್ಲಿ ಚರ್ಚಿಸಲಾಗುವುದು.

ಚಾರಿತ್ರಿಕ ನೆಲೆ (ಸಂಕ್ಷಿಪ್ತ, ಏಕೆಂದರೆ ಇಲ್ಲಿ ನಗು ಬರುವುದಿಲ್ಲ)

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು ಮನೆಮನೆಯ ಹತಾರ ಒಪ್ಪಿಸಿ ಎಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸುವುದಿಲ್ಲ ಎಂದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಇದಾದ ಕೆಲವೇ ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. 1878ರಲ್ಲಿ ವೈಸರಾಯ್ ಲಿಟ್ಟನ್ ಆಯುಧ ಕಾಯ್ದೆಯನ್ನು ತಂದ. ಭಾರತೀಯರಿಗೆ ಲೈಸೆನ್ಸು, ಐರೋಪ್ಯರಿಗೆ ವಿನಾಯಿತಿ. 1959ರಲ್ಲಿ ನಮ್ಮದೇ ಕಾಯ್ದೆ ಬಂತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿದು ಈಗ 2029ರವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್‌ ಹಬ್ಬಕ್ಕೆ ಕೊಡವರು ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿ, ಹೆಂಗಸರೂ ಮಕ್ಕಳೂ ಸೇರಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕೊಡಗಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ಆದರೆ ಇಂದು ಒಂದೇ ರಾಜ್ಯದಲ್ಲಿರುವ ಹಲಗಲಿಯನ್ನೂ ಮಡಿಕೇರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಕೋವಿ ಯಾರ ಕೈಯಲ್ಲಿರಬೇಕೆಂಬುದನ್ನು ತೀರ್ಮಾನಿಸಿದ್ದು ಕೋವಿ ಹಿಡಿಯುವ ಯೋಗ್ಯತೆಯಲ್ಲ, ಆಳುವವರ ಜೊತೆಗಿನ ಸಲಿಗೆ ಎಂದು ಕಾಣುತ್ತದೆ. ಈ ವಾಕ್ಯವನ್ನು ಸಂಕಿರಣದಲ್ಲಿ ಓದಿದಾಗ ಅಧ್ಯಕ್ಷರು ಸಮಯ ಮೀರಿದೆ ಎಂದು ಚೀಟಿ ಕಳಿಸಿದರು.

ವಾರಸುದಾರರ ವರ್ಗೀಕರಣ

ವಾರಸುದಾರರು ಸಪ್ತವಿಧ. ಮೊದಲನೆಯವರು ಭಿತ್ತಿವಾದಿಗಳು: ಕೋವಿಯನ್ನು ಜಿಂಕೆ ಕೋಡಿನ ಕೆಳಗೆ ಗೋಡೆಗೆ ನೇತುಹಾಕಿ, ಮಳೆಗಾಲದಲ್ಲಿ ಗೋಡೆಯೂ ಕೋವಿಯೂ ಒಟ್ಟಿಗೆ ಬೂಸಲು ಹಿಡಿಯುವುದನ್ನು ಪರಂಪರೆ ಎನ್ನುವವರು. ಎರಡನೆಯವರು ಛಾಯಾವಾದಿಗಳು: ಮದುವೆಗೆ ಬಂದಾಗ ಕೋವಿ ಹಿಡಿದು ಫೋಟೋ ತೆಗೆಸಿಕೊಂಡು ಬೆಂಗಳೂರಿಗೆ ಹೋಗುವವರು. ಮೂರನೆಯವರು ವಿಕ್ರಯವಾದಿಗಳು: ಇದಕ್ಕೆ ಈಗ ಏನು ರೇಟಿದೆ ಎಂದು ತಿಥಿಯ ಊಟಕ್ಕೆ ಕೂತಾಗಲೇ ಕೇಳುವವರು. ನಾಲ್ಕನೆಯವರು ನಿರಾಕ್ಷೇಪಣಾ ವಾದಿಗಳು: ಸಹಿ ಹಾಕುತ್ತೇನೆ, ಆದರೆ ಮೊದಲು ಆ ಕೆಳಗಿನ ಗದ್ದೆಯ ವಿಷಯ ಮಾತಾಡೋಣ ಎನ್ನುವವರು. ಐದು, ಆರು, ಏಳನೆಯ ವರ್ಗಗಳನ್ನು ಓದುಗರು ತಮ್ಮ ತಮ್ಮ ದಾಯಾದಿಗಳಿಂದ ತುಂಬಿಕೊಳ್ಳಬಹುದು. ನನಗೆ ಸಾಕಾಯಿತು.

ಪತ್ರಮೀಮಾಂಸೆ

ಹೆತ್ತವರಿಂದ ಕೋವಿ ಮಕ್ಕಳಿಗೆ ಬರುವುದೆಂದು ನಂಬುವುದು ಅವಿದ್ಯೆ. ಬರುವುದು ಫೈಲು. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಠಾಣೆಗೋ ಲೈಸೆನ್ಸಿರುವ ಬಂದೂಕಿನ ಅಂಗಡಿಗೋ ಒಪ್ಪಿಸಬೇಕು. ಆಮೇಲೆ ಮರಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಬೆಳೆ ರಕ್ಷಣೆಗೆಂದರೆ ಪಹಣಿ, ವೈದ್ಯರ ಸರ್ಟಿಫಿಕೇಟು, ಪೊಲೀಸ್ ವರದಿ. ಇದೆಲ್ಲ ಬೇಕು, ನಾನು ಒಪ್ಪುತ್ತೇನೆ. ಯಾರ ಕೈಗೆ ಹೋಗುತ್ತಿದೆ ಎಂದು ಸರ್ಕಾರ ನೋಡಬೇಕಾದ್ದೇ. 2016ರ ಆಯುಧ ನಿಯಮಗಳಲ್ಲಿ ಒಂದು ಒಳ್ಳೆಯ ದಾರಿಯೂ ಇದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಇದನ್ನು ಯಾವ ಕಚೇರಿಯ ಯಾವ ಗುಮಾಸ್ತರೂ ಅಮ್ಮನಿಗೆ ಹೇಳಲಿಲ್ಲ. ಪ್ರತಿ ನವೀಕರಣಕ್ಕೂ ಅವಳು ಬಸ್ಸು ಹಿಡಿದು ಹೋಗಿ ಬೆಂಚಿನ ಮೇಲೆ ಕೂತು, "ಯಜಮಾನ್ರು ಬಂದಿಲ್ವಾ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಬರುತ್ತಿದ್ದಳು.

ನನ್ನ ಅರ್ಜಿಯನ್ನು ನೋಡಿದವರೂ ಮೊದಲು ಕೇಳಿದ್ದು ಅಪ್ಪನ ಮರಣಪತ್ರವನ್ನೇ. ತಾಯಿಯ ಕೋವಿ ಎಂದೆ. "ಅದು ಸರಿ, ತಂದೆಯದು ತನ್ನಿ" ಎಂದರು. ನಮ್ಮ ಸಂಕಿರಣದ ಆಯೋಜಕರಿಗೂ ಇವರಿಗೂ ಇರುವ ತಾತ್ವಿಕ ಸಾಮ್ಯವನ್ನು ನಾನು ಇಲ್ಲಿ ಎತ್ತಿ ತೋರಿಸಲೇಬೇಕು. ಹೆಣ್ಣೊಬ್ಬಳು ತೋಟ ಕಾದಳು, ಗುರಿಯಿಟ್ಟು ಹೊಡೆದಳು, ಸ್ವಂತ ಹೆಸರಿನಲ್ಲಿ ಲೈಸೆನ್ಸು ಇಟ್ಟುಕೊಂಡಿದ್ದಳು ಎಂದರೆ ಒಬ್ಬರಿಗೆ ರೂಪಕ ಬೇಕು, ಇನ್ನೊಬ್ಬರಿಗೆ ಗಂಡನ ಮರಣಪತ್ರ ಬೇಕು.

ಠೇವಣಿ

ಚುನಾವಣೆ ಘೋಷಣೆಯಾಯಿತೆಂದರೆ ಕೋವಿಗಳೆಲ್ಲ ಠಾಣೆಗೆ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ತುಂಬಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಸಮಿತಿ ಒಂದೊಂದೇ ಲೈಸೆನ್ಸನ್ನು ಪರಿಶೀಲಿಸಿ, ಯಾರದು ಬೇಕೋ ಅವರದನ್ನು ಮಾತ್ರ ತೆಗೆದುಕೊಳ್ಳಲಿ ಎಂಬುದು ಅದರ ಸೂಚನೆ. ಒಂದೊಂದೇ ನೋಡುವುದು ಕಷ್ಟದ ಕೆಲಸ. ಎಲ್ಲರನ್ನೂ ಕರೆಯುವುದು ಸುಲಭ. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ, ಪಂಚಾಯ್ತಿಗೊಮ್ಮೆ ಅಡಿಕೆ ಬೆಳೆಗಾರ ಒಂದು ಗೋಣಿಯಲ್ಲಿ ಕೋವಿ ಸುತ್ತಿಕೊಂಡು ಬಸ್ ಸ್ಟಾಂಡಿನಲ್ಲಿ ನಿಲ್ಲುತ್ತಾನೆ. ಅಷ್ಟೂ ದಿನ ಮಂಗಗಳೂ ಹಂದಿಗಳೂ ನೀತಿಸಂಹಿತೆಯನ್ನು ಚಾಚೂ ತಪ್ಪದೆ ಪಾಲಿಸುತ್ತವೆ ಎಂಬುದು ಆಡಳಿತದ ನಂಬಿಕೆ. ಊರಿನಲ್ಲಿ ಗಲಾಟೆ ಮಾಡುವವರು ಯಾರೆಂದು ಠಾಣೆಗೂ ಗೊತ್ತು, ಊರಿಗೂ ಗೊತ್ತು. ಅವರ ಹತ್ತಿರ ಲೈಸೆನ್ಸೇ ಇಲ್ಲ.

ಅಮ್ಮನ ಕೊನೆಯ ವರ್ಷಗಳಲ್ಲಿ ಹೀಗೆ ಒಪ್ಪಿಸಿದ ಕೋವಿ ಒಂದು ಮಳೆಗಾಲವಿಡೀ ಠಾಣೆಯ ಕೋಣೆಯಲ್ಲಿ ಉಳಿಯಿತು. ಆಗುಂಬೆಯ ಕಡೆಯ ಮಳೆ ಹೇಗಿರುತ್ತದೆಂದು ಇಲ್ಲಿ ವರ್ಣಿಸಬೇಕಿಲ್ಲ. ಹಿಂತಿರುಗಿ ಬಂದಾಗ ನಳಿಗೆಯ ಒಂದು ಪಕ್ಕಕ್ಕೆ, ಗೋಡೆಗೆ ಒರಗಿದ್ದ ಪಕ್ಕಕ್ಕೆ, ಉದ್ದಕ್ಕೂ ತುಕ್ಕು ಹಿಡಿದಿತ್ತು. ಅವಳು ಬೈಯಲಿಲ್ಲ. ಜಗಲಿಯಲ್ಲಿ ಕೂತು ಹೊಲಿಗೆ ಮೆಷಿನ್ ಎಣ್ಣೆಯನ್ನು ಹಳೆ ಸೀರೆಯ ಚೂರಿಗೆ ಹಾಕಿ ಉಜ್ಜಿದಳು. ಮೇಲಿನ ತುಕ್ಕು ಹೋಯಿತು, ಗುಳಿಗಳು ಉಳಿದವು. ಯಾವ ಕಾಗದದಲ್ಲೂ ಇದರ ನಮೂದಿಲ್ಲ, ಏಕೆಂದರೆ ರಸೀದಿಯಲ್ಲಿ 'ಕೋವಿ 1' ಎಂದಿತ್ತು, ಹಿಂದಕ್ಕೆ ಬಂದದ್ದೂ ಕೋವಿ 1. ಸಿಟ್ಟು ಬರುತ್ತದೆ. ಒಂದು ಚಮಚ ಎಣ್ಣೆ, ಗೋಡೆಯಿಂದ ಎರಡು ಗೇಣು ದೂರ, ಇಷ್ಟರ ಕೆಲಸ ಅದು. ಅಷ್ಟನ್ನು ಮಾಡಲಾರದವರು, ನಿಮ್ಮ ಆಯುಧವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ವಿವರಿಸಿ ಎಂದು ನನ್ನಿಂದ ಬರೆಸಿಕೊಳ್ಳುತ್ತಾರೆ.

ಪ್ರಯೋಗ ಭಾಗ

ಲೈಸೆನ್ಸು ಬಂತು. ಇಲ್ಲಿ ಪ್ರಬಂಧವು ದೇಹದ ರಾಜಕಾರಣವನ್ನು ಮುಖಾಮುಖಿಯಾಗಬೇಕಿತ್ತು, ನೇರವಾಗಿ ಹೇಳಿಬಿಡುತ್ತೇನೆ. ಕೋವಿ ನನ್ನ ಅಳತೆಯದಲ್ಲ. ಅಮ್ಮನ ಕೈ ಗಿಡ್ಡ. ಕೋವಿ ಕೊಂಡ ಹೊಸದರಲ್ಲೇ ಊರಿನ ಆಚಾರಿಯಿಂದ ಅದರ ಮರದ ಹಿಡಿಯನ್ನು ಭುಜದ ಕಡೆಯಿಂದ ಕೊಯ್ಯಿಸಿ ತನ್ನ ಅಳತೆಗೆ ಮಾಡಿಕೊಂಡಿದ್ದಳು. ಈಗ ನಾನು ಭುಜಕ್ಕೊತ್ತಿದರೆ ಮೂಗು ಬೋಲ್ಟಿಗೆ ತಾಗುತ್ತದೆ, ಕತ್ತು ಮುದುರಬೇಕು. ಮರದ ತುಂಡೊಂದನ್ನು ಜೋಡಿಸಿದರೆ ಸರಿಯಾಗುತ್ತದೆ ಎಂದು ಬಂದೂಕು ಪಂಡಿತರು ಒಮ್ಮತದಿಂದ ಹೇಳಿದ್ದಾರೆ. ಅವರು ಸರಿಯಾಗಿ ಹೇಳಿದ ಒಂದೇ ಮಾತು ಇದು, ಆದರೂ ನಾನು ಜೋಡಿಸಿಲ್ಲ.

ದರೆಗೆ ರಟ್ಟು ನಿಲ್ಲಿಸಿ ಐವತ್ತು ಮೀಟರಿನಿಂದ ಹೊಡೆಯುತ್ತೇನೆ. ಒಲಿಂಪಿಕ್ಸಿನಲ್ಲಿ ಇದೇ ದೂರಕ್ಕೆ, ಇದೇ ಜಾತಿಯ ತೋಟಾದಲ್ಲಿ, ಹತ್ತಂಕದ ವೃತ್ತ 10.4 ಮಿಲಿಮೀಟರ್ ಇರುತ್ತದೆ. ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು ಅಂಥದ್ದಕ್ಕೆ ನಿಂತು, ಮಂಡಿಯೂರಿ, ಮಲಗಿ ಹೊಡೆದು. ನನ್ನ ವೃತ್ತ ಊಟದ ತಟ್ಟೆಯಷ್ಟು. ಗುಳಿಬಿದ್ದ ಹಳೆಯ ನಳಿಗೆ ಎಂದು ಸಬೂಬು ಹೇಳಬಹುದು. ಆದರೆ ತುಕ್ಕು ಹೊರಮೈಗೆ ಮಾತ್ರ; ಒಳಗಿನ ಗೀರುಗಳು ಇನ್ನೂ ಕನ್ನಡಿಯಂತಿವೆ. ಹಳೆಯ ಕಾಲದ ತೋಟಾಗಳ ಸಿಡಿಮದ್ದು ಉರಿದ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪನ್ನು ಬಿಡುತ್ತಿತ್ತು. ಮಲೆನಾಡಿನ ಥಂಡಿಯಲ್ಲಿ ಅದು ನೀರು ಹೀರಿ ಉಕ್ಕನ್ನು ತಿಂದುಹಾಕುತ್ತದೆ. ಹಾಗಾಗಿ ಅಮ್ಮ ಒಂದೇ ಈಡು ಹೊಡೆದಿದ್ದರೂ ಅಂದೇ ರಾತ್ರಿ ನಳಿಗೆಗೆ ಕುದಿನೀರು ಹೊಯ್ದು, ಒಣಗಿಸಿ, ಎಣ್ಣೆ ಬಿಟ್ಟೇ ಮಲಗುತ್ತಿದ್ದಳು. ಯಾವ ಪಂಡಿತರಿಂದಲೂ ಕೇಳಿದ್ದಲ್ಲ.

ಅವಳು ಹೇಳಿಕೊಟ್ಟದ್ದು ಕಡಿಮೆ. "ಉಸ್ರು ಬಿಡು ಮಗಾ, ಪೂರ್ತಿ ಅಲ್ಲ. ಅರ್ಧದಲ್ಲಿ ನಿಲ್ಸು. ಬೆರಳಿಗೆ ಹೇಳ್ಬೇಡ, ಅದಕ್ಕೆ ಗೊತ್ತಿರ್ತದೆ." ನನ್ನ ಬೆರಳಿಗೆ ಗೊತ್ತಿಲ್ಲ. ಅವಳ ಬೆರಳಿಗಿದ್ದ ತಿಳಿವಳಿಕೆಯನ್ನು ವರ್ಗಾಯಿಸಿಕೊಳ್ಳಲು ಯಾವ ಅರ್ಜಿ ನಮೂನೆಯೂ ಇಲ್ಲ, ಅದಕ್ಕೆ ಚಿಕ್ಕಪ್ಪನ ಮಕ್ಕಳ ಒಪ್ಪಿಗೆಯೂ ಬೇಕಿರಲಿಲ್ಲ. ಅವಳಿದ್ದಾಗ ನಾನು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸುತ್ತಿದ್ದೆ.

ಉಪಸಂಹಾರದ ಬದಲಿಗೆ ಒಂದು ಮನವಿ

ಕೋವಿಗಳನ್ನು ಠೇವಣಿ ಇಟ್ಟುಕೊಳ್ಳುವ ಠಾಣೆಯ ಬರಹಗಾರರು ಯಾರಾದರೂ ಇದನ್ನು ಓದುತ್ತಿದ್ದರೆ: ಮೇಲಿನ ನೆಲೆಗಳು, ಸಂಕಥನ, ಅನುಸಂಧಾನಗಳನ್ನೆಲ್ಲ ಬಿಟ್ಟುಬಿಡಿ. ಪಂಚಾಯ್ತಿ ಚುನಾವಣೆ ಬಂದರೆ ಕೋವಿ ತಂದೊಪ್ಪಿಸುತ್ತೇನೆ, ತಕರಾರಿಲ್ಲ. ಅದನ್ನು ಪಶ್ಚಿಮದ ಗೋಡೆಗೆ ಒರಗಿಸಬೇಡಿ, ಅಲ್ಲಿ ಹಂಚು ಸೋರುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಬೇಡಿ. ತಿಂಗಳಿಗೊಮ್ಮೆ ನಾನೇ ಬಂದು ಒರೆಸಿ ಹೋಗಲು ಬಿಟ್ಟರೆ ಸಾಕು, ಪಕ್ಕದಲ್ಲಿರುವ ಬೇರೆಯವರ ಕೋವಿಗಳನ್ನೂ ಒರೆಸಿಕೊಡುತ್ತೇನೆ. ಬಟ್ಟೆ, ಹೊಲಿಗೆ ಮೆಷಿನ್ ಎಣ್ಣೆ ನನ್ನದೇ. ರಸೀದಿ ಬೇಡ.