ಸ್ಲ್ಯಾಬಿನ ಮೇಲೆ ಜಳಕ

ವಿಜಯಪುರದಲ್ಲಿ ಪ್ಲಾಟ್ ಕೊಳ್ಳಲು ಹೊರಟವರು ಏಜೆಂಟನಿಗೆ ಮೊದಲು ಕೇಳುವುದು ದಿಕ್ಕು. ಪೂರ್ವ ಮುಖವೋ, ಉತ್ತರ ಮುಖವೋ? ಆಮೇಲೆ ರಸ್ತೆ ಎಷ್ಟು ಅಡಿ, ಎನ್ಎ ಆಗಿದೆಯೋ ಇಲ್ಲವೋ. ಕೆಳಗೆ ಎಂಥ ಮಣ್ಣಿದೆ ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನಾವೂ ಕೇಳಲಿಲ್ಲ. ಈಶಾನ್ಯ, ಆಗ್ನೇಯ, ನೈಋತ್ಯ ಎಂದು ಮೇಲಿನ ದಿಕ್ಪಾಲಕರನ್ನೆಲ್ಲ ಒಲಿಸಿಕೊಂಡು ಗುದ್ದಲಿ ಪೂಜೆಗೆ ನೆಲ ಅಗೆದರೆ ಒಳಗಿನಿಂದ ಬಂದದ್ದು ಅಪ್ಪಟ ಕರಿ ಎರೆ. ಪೂಜೆಗೆ ಬಂದಿದ್ದ ಮಾವನವರ ಗೆಳೆಯರೊಬ್ಬರು ಹುಟ್ಟಾ ರೈತರು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿ ಕಣ್ಣರಳಿಸಿದರು. "ಬಿಳಿಜ್ವಾಳಕ್ಕ ಭಾಳ ಚಲೋ ಭೂಮಿ ಐತ್ರಿ ಅಕ್ಕೋರ. ಮನಿ ಯಾಕ ಕಟ್ಟತೀರಿ?"

ಅವರು ಹೇಳಿದ್ದು ಸುಳ್ಳಲ್ಲ. ದಖ್ಖನ್ನಿನ ಲಾವಾ ಬಂಡೆ ಯುಗಯುಗ ಸವೆದು ಆದ ಮಣ್ಣು ಇದು. ಹಿಂಗಾರಿಯಲ್ಲಿ ಮಳೆ ಕೈಕೊಟ್ಟರೂ ಒಳಗೆ ಹಿಡಿದಿಟ್ಟ ತೇವದಲ್ಲೇ ಜೋಳ ತೆನೆಗಟ್ಟುತ್ತದೆ. ಜೋಳಕ್ಕೆ ಅನ್ನ ಹಾಕುವ ಆ ತೇವವೇ ಗೋಡೆಗೆ ವೈರಿ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ನಮ್ಮ ಖಾಲಿ ಪ್ಲಾಟಿನ ಬಿರುಕಿನಲ್ಲಿ ಬಿದ್ದ ಮಗನ ಚೆಂಡು ಇನ್ನೂ ಸಿಕ್ಕಿಲ್ಲ. ಮನೆಯ ಒಂದು ಮೂಲೆ ತೊಯ್ದು ಇನ್ನೊಂದು ಒಣಗಿತೋ, ತೊಯ್ದದ್ದು ಏಳುತ್ತದೆ, ಒಣಗಿದ್ದು ಕೂರುತ್ತದೆ, ನಡುವಿನ ಗೋಡೆ ಬಾಯಿ ಬಿಡುತ್ತದೆ. ಇದೇ ಊರಲ್ಲಿ ಗೋಳಗುಮ್ಮಟ ಮುನ್ನೂರೈವತ್ತು ವರ್ಷದಿಂದ ನೆಟ್ಟಗೆ ನಿಂತಿಲ್ಲವೇ ಎಂದು ನಮ್ಮ ಮನೆಯವರು ವಾದಿಸಿದರು. ಅದರ ಪಾಯ ಬಂಡೆಯ ಮೇಲಿದೆ. ಆದಿಲ್‌ಶಹನಿಗೆ ಬಂಡೆ ಸಿಕ್ಕಿತು, ನಮಗೆ ಎರೆ ಸಿಕ್ಕಿತು. ಅವನು ಏಜೆಂಟನನ್ನು ನಂಬಿರಲಿಲ್ಲವೆಂದು ಕಾಣುತ್ತದೆ.

ಎಂಜಿನಿಯರ್ ಹುಡುಗ ಮಿತಭಾಷಿ. ಅಂಡರ್‌ರೀಮ್ಡ್ ಪೈಲ್ ಹಾಕೋಣ ಎಂದ. ಉಬ್ಬು-ಕುಗ್ಗಿನ ಪದರವನ್ನು ದಾಟಿ ಕೆಳಗೆ ಹೋಗುವ ಕಾಂಕ್ರೀಟ್ ಕಂಬ ಅದು. ಬುಡದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುತ್ತದೆ. ಮೇಲಿನ ಮಣ್ಣು ಎಷ್ಟೇ ಎತ್ತಿದರೂ ಗಡ್ಡೆ ಬಿಡುವುದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆಭೂಮಿಗೆಂದೇ ಬೆಳೆಸಿದ ವಿದ್ಯೆಯಂತೆ. ಕಂಬಗಳ ಮೇಲಿನ ಬೀಮನ್ನು ನೆಲಕ್ಕೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಟ್ಟ. ಮಣ್ಣು ಉಬ್ಬಲಿ, ಅದಕ್ಕೂ ಜಾಗ ಬೇಕಲ್ಲ. ಕೋಣೆಗಳ ನೆಲದಡಿಯ ಎರೆ ತೆಗೆಸಿ ಗರಸು ತುಂಬಿಸಿ ದಮ್ಮಸು ಮಾಡಿಸಿದ. ಉಬ್ಬುವ ಮಣ್ಣಿನ ಮೇಲೆ ಉಬ್ಬದ ಮಣ್ಣಿನ ಪದರ ಹಾಸುವ ಈ ಉಪಾಯವನ್ನು ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಶಾಸ್ತ್ರವಾಗಿಸಿದ್ದು, ನಮ್ಮ ಮಲಪ್ರಭಾ ಕಾಲುವೆಗಳಿಗೂ ಅದೇ ಮದ್ದು ಎಂದ. ದುಡ್ಡು ನೆಲದೊಳಗೆ ಇಳಿಯುತ್ತಲೇ ಹೋಯಿತು. "ಇಷ್ಟ ರೊಕ್ಕಾ ಮಣ್ಣಾಗ ಹೂಳತೀವಿ, ನೋಡಾವ್ರಿಗೆ ಏನ ಕಾಣಸ್ತದ?" ಎಂದು ಮನೆಯವರು ಸಂಕಟಪಟ್ಟರು. ಸಂಕಟ ನ್ಯಾಯವಾದದ್ದೇ. ಗೃಹಪ್ರವೇಶಕ್ಕೆ ಬಂದ ಬೀಗರು ಟೈಲ್ಸ್ ಮುಟ್ಟಿ ನೋಡಿದರು, ಮಾಡ್ಯುಲರ್ ಕಿಚನ್ನಿನ ಡ್ರಾಯರ್ ಎಳೆದು ನೋಡಿದರು, ಒಬ್ಬರಂತೂ ಕಮೋಡಿನ ಕಂಪನಿ ಕೇಳಿದರು. ಪೈಲ್ ಎಷ್ಟು ಆಳ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಅಂಥವರಿಗೆ ಹೋಳಿಗೆಯ ಮೇಲೆ ತುಪ್ಪ ಬಡಿಸಬಾರದಿತ್ತು.

ಸ್ಲ್ಯಾಬಿನ ಹೊತ್ತಿಗೆ ಏಪ್ರಿಲ್ ಬಂತು. ಶಾಲೆಗೆ ರಜೆ ಇದ್ದುದರಿಂದ ನನ್ನ ಮಾಸ್ತರಿಕೆಯೆಲ್ಲ ಗೌಂಡಿಗಳ ಪಾಲಾಯಿತು. ಎಂಜಿನಿಯರ್ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಉಪದೇಶ ಮಾಡಿದ: "ಮೇಡಂ, ಎರಡ ಮಾತು ನೆನಪಿಡ್ರಿ. ಕಾಂಕ್ರೀಟ್ ಒಣಗಬಾರದು. ಮಣ್ಣು ತೋಯಬಾರದು."

ಮಾತು ಎರಡೇ. ಆದರೆ ಮೇಲೆ ಸುರಿದ ನೀರು ಕೆಳಗೇ ಇಳಿಯುವ ಈ ಲೋಕದಲ್ಲಿ ಆ ಎರಡನ್ನೂ ಒಟ್ಟಿಗೆ ಪಾಲಿಸಿದ ಗೃಹಿಣಿ ಎಲ್ಲಾದರೂ ಇದ್ದರೆ ಅವಳ ಕಾಲಿಗೆ ಬೀಳುತ್ತೇನೆ.

ಮಾಲು ಕಲಸುವಾಗ ನಡೆದ ಯುದ್ಧವನ್ನು ಬೇಗ ಮುಗಿಸುತ್ತೇನೆ. ಎಂ20 ಕಾಂಕ್ರೀಟಿಗೆ 50 ಕೆಜಿಯ ಒಂದು ಚೀಲ ಸಿಮೆಂಟಿಗೆ 30 ಲೀಟರ್ ನೀರು ಮೀರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. "ಮಾಲು ಹರೀಬೇಕಲ್ರಿ ಅಕ್ಕೋರ" ಎಂದು ಗೌಂಡಿ ಹೇಳುತ್ತಾನೆ. ಅವನ ಕೈಯಲ್ಲಿ ಪೈಪು, ನನ್ನ ಕೈಯಲ್ಲಿ ಗೆರೆ ಹಾಕಿದ ಬಕೆಟ್ಟು. ಸುರಿಯುವಾಗ ಕಾಂಕ್ರೀಟಿನ ಬಿಸಿ 40 ಡಿಗ್ರಿ ದಾಟಬಾರದೆಂದು ಒಂದು ಪುಸ್ತಕದಲ್ಲಿ ಓದಿ, ಮಕ್ಕಳ ಜ್ವರದ ಥರ್ಮಾಮೀಟರನ್ನು ಮಾಲಿನೊಳಗೆ ಚುಚ್ಚಿದ್ದೂ ಉಂಟು. ಗೌಂಡಿ ಗಂಭೀರವಾಗಿ, "ಗುಳಿಗಿ ಕೊಡೂದೇನ್ರಿ?" ಎಂದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಪಿಪಿಸಿಗೆ 10 ದಿನ, ಒಣ ಬಿಸಿಲಿದ್ದರೆ 14 ದಿನ ಎಡೆಬಿಡದೆ ನೀರುಣಿಸಬೇಕು. ನಮ್ಮದು ಪಿಪಿಸಿ, ಹೊರಗೆ 42 ಡಿಗ್ರಿ. ಸ್ಲ್ಯಾಬನ್ನು ಬಾಣಂತಿಯ ಹಾಗೆ ನೋಡಿಕೊಳ್ಳಲು ಸೊಂಟ ಕಟ್ಟಿದೆ. ಗೋಣಿಚೀಲ ಹೊದಿಸಿ, ಸುತ್ತ ಒಡ್ಡು ಹಾಕಿ ಮಡಿ ಮಾಡಿ ನೀರು ನಿಲ್ಲಿಸಿದೆ. ಸಂಜೆಗೆ ನೋಡಿದರೆ ಮಡಿ ಖಾಲಿ. ನಮ್ಮ ಬಡಾವಣೆಗೆ ನಳದ ನೀರು ಬರುವುದು ಅದಕ್ಕೆ ನೆನಪಾದಾಗ. ಟ್ಯಾಂಕರಿನವನು ಬೇಸಿಗೆಯಲ್ಲಿ ಫೋನ್ ಎತ್ತುವುದಿಲ್ಲ. ಅಂಥ ಹೊತ್ತಿನಲ್ಲಿ ನಾವಿದ್ದ ಬಾಡಿಗೆ ಮನೆಯ ಬಚ್ಚಲಿನಿಂದ ಮಗ ಹಾಡಿಕೊಂಡು ತಂಬಿಗೆ ತಂಬಿಗೆ ಸುರಿದುಕೊಳ್ಳುವ ಸದ್ದು ಕೇಳಿತು. ಆ ನೀರೆಲ್ಲ ಗಟಾರಕ್ಕೆ! ಅಲ್ಲಿ ಸ್ಲ್ಯಾಬು ಬಾಯಾರಿ ಮಲಗಿದೆ!

ಮರುದಿನದಿಂದ ಮನೆಮಂದಿಯ ಜಳಕ ಸ್ಲ್ಯಾಬಿನ ಮೇಲೆ ಎಂದು ಕಾಯಿದೆಯಾಯಿತು.

ಬಾಡಿಗೆ ಮನೆ ಹಿಂದಿನ ಓಣಿಯಲ್ಲಿ. ನಸುಕಿನಲ್ಲಿ ಟವೆಲ್, ಕೊಡ, ಚೊಂಬು ಹಿಡಿದು ನಮ್ಮ ದಿಂಡಿ ಹೊರಡುತ್ತಿತ್ತು. ಕಾಲಮ್ಮಿನ ತಲೆಯ ಮೇಲೆ ಚಾಚಿದ್ದ ಕಬ್ಬಿಣದ ಸಳಿಗಳಿಗೆ ನನ್ನ ಹಳೆಯ ಇಳಕಲ್ ಸೀರೆ ಕಟ್ಟಿ ಮರೆ ಮಾಡಿದೆ. ನಿಯಮಗಳು ಸರಳ. ಸಾಬೂನು ಇಲ್ಲ, ಎಣ್ಣೆ ಇಲ್ಲ, ನಿಂತ ಜಾಗದಲ್ಲೇ ನಿಲ್ಲುವಂತಿಲ್ಲ. ಹಾಲಿನ ಮೇಲೆ ಎರಡು ಚೊಂಬು ಸುರಿದುಕೊಂಡು ಬೆಡ್‌ರೂಮಿನ ಕಡೆ ಸರಿಯಬೇಕು. ಮಗ ಕುಣಿಯುತ್ತ ಒಪ್ಪಿದ. ಮನೆಯವರು ಮೂಲೆಯಲ್ಲಿ ನಿಂತು ಸಿಟ್ಟಿನಿಂದ ಸುರಿದುಕೊಂಡರು; ಆ ಮೂಲೆಯ ಕಾಂಕ್ರೀಟು ಇಂದಿಗೂ ಉಳಿದದ್ದಕ್ಕಿಂತ ಗಟ್ಟಿ ಎಂದು ನನ್ನ ಗುಮಾನಿ. ಸೀಗೆಕಾಯಿ ನಡೆದೀತೇ ಎಂದು ಎಂಜಿನಿಯರ್ ಹುಡುಗನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು, "ಯಾರಿಗೆ ಮೇಡಂ?" ಎಂದ.

ಅತ್ತೆಯವರು ನಿಚ್ಚಣಿಕೆ ಹತ್ತಲಾರರು. ಅವರು ದೊಡ್ಡ ಪರಾತದಲ್ಲಿ ಕುಳಿತು ಜಳಕ ಮಾಡಲಿ, ಆ ನೀರನ್ನು ನಾನೇ ಹೊತ್ತು ಸುರಿಯುತ್ತೇನೆ ಎಂದೆ. ಅವರು ಕಣ್ಣು ಕೆಂಪಗೆ ಮಾಡಿದರು. "ನನ್ನ ಮೈ ತೊಳದ ನೀರು ಮ್ಯಾಲ ನಿಂದರಬೇಕು, ಅದರ ಬುಡಕ ದೇವರು ಕುಂದರಬೇಕು. ಸಾಲಿ ಕಲತಾಕಿ ಹೌದಲ್ಲೇನ ನೀ?" ತಪ್ಪೇನಿಲ್ಲದ ಮಾತು. ಕೂತು ಸ್ಲ್ಯಾಬಿನ ನಕ್ಷೆ ಬರೆದು ನೀರು ಹಂಚಿದೆ. ದೇವರ ಮನೆಯ ಮೇಲೆ ಬೋರಿನ ನೀರು ಮಾತ್ರ. ಅಡುಗೆ ಮನೆಯ ಮೇಲೆ ಅಕ್ಕಿ ತೊಳೆದ ನೀರೂ ಬೇಡ, ನಳದ್ದೇ ಬೇಕು. ಪೋರ್ಚಿಗೆ ಅತ್ತೆಯವರ ನೀರು. ಅದರ ಕೆಳಗೆ ನಿಲ್ಲುವುದು ಸ್ಕೂಟರು, ಅದಕ್ಕೆ ಮಡಿ-ಮೈಲಿಗೆ ಇಲ್ಲ.

ಸೀರೆಯ ಮರೆ ನಮ್ಮನ್ನು ಮುಚ್ಚಿತೇ ಹೊರತು ಸುದ್ದಿಯನ್ನು ಮುಚ್ಚಲಿಲ್ಲ. ಎದುರು ಮನೆಯವರು "ಏನರ ಹರಕಿ ಐತೇನ್ರಿ?" ಎಂದು ಕೇಳಿದರು. ಹೌದೆಂದೂ ಅಲ್ಲವೆಂದೂ ಹೇಳದೆ ನಕ್ಕೆ. ಅಷ್ಟು ಸಾಕಾಯಿತು. ಒಂದು ಮುಂಜಾನೆ ಓಣಿಯ ಅಜ್ಜಿಯೊಬ್ಬರು ಮಡಿಯುಟ್ಟು, ತಾಮ್ರದ ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಅರಿಸಿನ-ಕುಂಕುಮ ಹಿಡಿದು ನಿಚ್ಚಣಿಕೆಯ ಬುಡದಲ್ಲಿ ನಿಂತಿದ್ದರು. ಯಾವ ದೇವರಿಗೆ ಎಂದು ಕೇಳಲೂ ಇಲ್ಲ. ನಾನು ತಂಬಿಗೆ ಇಸಿದುಕೊಂಡು ಭಕ್ತಿಯಿಂದ ಸುರಿದೆ. ಕುಂಕುಮ ಮಾತ್ರ ಬೇಡವೆಂದೆ, ಸಿಮೆಂಟಿಗೆ ಆಗದು.

ಒಡ್ಡು ಒಡೆದದ್ದು ಅಂದೇ. ಪಾಯದಿಂದ ತೆಗೆದ ಎರೆಯನ್ನೇ ಬಳಸಿ ಕಟ್ಟಿದ ಒಡ್ಡು; ಮಧ್ಯಾಹ್ನ ಆರಿತು, ಬಿರಿಯಿತು, ನೀರು ಧಾರೆಯಾಗಿ ನೈಋತ್ಯ ಮೂಲೆಗೆ ಇಳಿಯಿತು. ಮಣ್ಣು ತೋಯಬಾರದು! ಮೇಲೆ ಕೊಡಗಟ್ಟಲೆ ಸುರಿದವಳು ಕೆಳಗೆ ಓಡಿ ಹನಿಹನಿಗೂ ಬೋಗುಣಿ ಇಟ್ಟೆ, ಪ್ಲಾಸ್ಟಿಕ್ ಹಾಳೆ ಹಾಸಿದೆ, ತುಂಬಿದ ಬೋಗುಣಿಯನ್ನು ಮತ್ತೆ ಮೇಲೆ ಒಯ್ದು ಸುರಿದೆ. ಅದು ಮತ್ತೆ ಕೆಳಗೆ ಬಂತು. ಮನೆಯವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನೋಡಿದರು.

ನಡುಮಧ್ಯಾಹ್ನ ಗೋಣಿಚೀಲ ತೋಯಿಸಲು ಕೂಲಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಸ್ಲ್ಯಾಬಿನ ದಿನ ಬುಟ್ಟಿ ಹೊತ್ತವಳು. "ಅಕ್ಕೋರ, ಒಂದ ಚೀಲ ನನ್ನ ತಲಿಗೂ ಹಸಿ ಮಾಡಿ ಹಾಕ್ಕೋತೀನ್ರಿ" ಎಂದಳು. ಹಾಕಿಕೊ ಎಂದೆ. ಬೇರೇನು ಹೇಳಲಿ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳು ಬಿಸಿಲಿಗೆ ಹೆದರಿ ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸ್ಲ್ಯಾಬನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಜೋಡಣೆ ದುರ್ಬಲವಾಗುತ್ತದೆ. ಹಾಗಾಗಿ ಸ್ಲ್ಯಾಬಿನ ದಿನ ಹೆಣ್ಣಾಳುಗಳ ಸಾಲು ಸೂರ್ಯ ವಾಲುವವರೆಗೂ ನಿಲ್ಲಲಿಲ್ಲ. ಕಾಂಕ್ರೀಟಿನ ಬಿಸಿ 40 ಡಿಗ್ರಿ ದಾಟಬಾರದೆಂದು ಬರೆದಿರುವ ನನ್ನ ಆ ಪುಸ್ತಕವನ್ನು ಅಂದು ರಾತ್ರಿ ಮತ್ತೆ ತಿರುವಿದೆ. ಅದನ್ನು ಹೊರುವವಳ ತಲೆಯ ಬಿಸಿಯ ಬಗ್ಗೆ ಒಂದು ಸಾಲೂ ಇಲ್ಲ.

ಮನೆ ಗಟ್ಟಿಯಾಗಿದೆ. ಸುತ್ತ ಹೊರಗಡೆಗೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿಸಿದ್ದೇವೆ. ಮಳೆಯ ನೀರು ಪಾಯದ ಬುಡದಲ್ಲಿ ನಿಲ್ಲುವುದಿಲ್ಲ. ಮೂರು ಮಳೆಗಾಲ ಕಳೆದರೂ ಗೋಡೆಯಲ್ಲಿ ಬಿರುಕಿಲ್ಲ. ಮನೆ ಮುಗಿಯುವ ಹೊತ್ತಿಗೆ ರೊಕ್ಕ ತೀರಿದ್ದರಿಂದ ಕಾಂಪೌಂಡ್ ಗೋಡೆಗೆ ಮಾತ್ರ ಪೈಲೂ ಇಲ್ಲ, ಗರಸೂ ಇಲ್ಲ, ನೇರ ಎರೆಯ ಮೇಲೆ ಕೂತಿದೆ. ನಮ್ಮ ಮನೆಗೆ ಬರುವವರು ದಯವಿಟ್ಟು ಗಮನಿಸಿ: ಬೇಸಿಗೆಯಲ್ಲಿ ಗೇಟನ್ನು ಸುಮ್ಮನೆ ನೂಕಿದರೆ ಸಾಕು. ಹಸ್ತ ಮಳೆ ಆದ ಮೇಲೆ ಬಂದರೆ ಎರಡೂ ಕೈಯಿಂದ ಮೇಲೆತ್ತಿ ನೂಕಬೇಕು.