ತಲೆ ಒಂದೇ, ರೇಟು ಬೇರೆ

ಬೆಂಗಳೂರಿನ ಮಹದೇವಪುರದ ಸಿಗ್ನಲ್ಲಲ್ಲಿ ಸಿಕ್ಕಿಕೊಂಡರೆ ಹೊತ್ತು ಕಳೆಯೋಕೆ ನಂಬರ್ ಪ್ಲೇಟ್ ಓದಬೇಕು. ನಮ್ಮ ಕೆಎ 53ರ ಪಕ್ಕದಲ್ಲಿ ಟಿಎನ್, ಎಪಿ, ಕೆಎಲ್. ಐಟಿಪಿಎಲ್ ಬಂದ ಮೇಲೆ ಅರ್ಧ ದೇಶ ಇಲ್ಲೇ ಬಂದು ಹೂಡಿ ಕಡೆ ತಿರುಗೋಕೆ ಕಾಯ್ತಾ ನಿಂತಿದೆ. ಎಲ್ಲರಿಗೂ ಮೋಟಾರು ವಾಹನ ಕಾಯ್ದೆ ಒಂದೇ, 1988ರದ್ದು. ಆದರೆ ಅವರವರ ಊರಿನ ಬೋರ್ಡು ಬೇರೆ, ದಂಡ ಬೇರೆ.

ಹೆಲ್ಮೆಟ್ ವಿಷಯಾನೇ ತಗೊಳ್ಳಿ. 2019ರ ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ಸಾವಿರ ರೂಪಾಯಿ ಅಂತು. ನಮ್ಮಲ್ಲೂ ಜಾರಿಯಾಯ್ತು, ಜನ ಬೊಬ್ಬೆ ಹೊಡೆದರು, ತಿಂಗಳು ಮುಗಿಯೋದರೊಳಗೆ 500ಕ್ಕೆ ಇಳೀತು. ಗುಜರಾತಿನವರು ನಮಗಿಂತ ಮುಂಚೆಯೇ ಇಳಿಸಿದ್ದರು, ವ್ಯಾಪಾರಸ್ಥರಲ್ವಾ? ತಮಿಳುನಾಡಿನವರು ಮೂರು ವರ್ಷ ತೆಪ್ಪಗಿದ್ದು, 2022ರ ಅಕ್ಟೋಬರಲ್ಲಿ ಸಾವಿರ ಮಾಡಿದರು. ಅಂದರೆ ಅದೇ ಬರಿದಲೆ ಅತ್ತಿಬೆಲೆಯಲ್ಲಿ 500, ಗಡಿ ದಾಟಿ ಹೊಸೂರಿಗೆ ಹೋದರೆ ಸಾವಿರ! ನಮ್ಮ ತಲೆಗೆ ಪರವೂರಲ್ಲೇ ಬೆಲೆ ಜಾಸ್ತಿ ಅಂತ ಹಿಗ್ಗಬೇಕೋ ಏನೋ.

ಬೋರ್ಡಿನ ಚಿತ್ರವೇನೋ ಎಲ್ಲ ಕಡೆ ಒಂದೇ. ತ್ರಿಕೋನ ಅಂದ್ರೆ ಹುಷಾರು, ಗುಂಡಗಿದ್ದರೆ ಕಟ್ಟಪ್ಪಣೆ. ಆಯಾ ಸೀಮೆಯ ಸ್ವಭಾವ ಗೊತ್ತಾಗೋದು ಬರೆದಿರೋ ಮಾತಲ್ಲಿ. ತಮಿಳರದ್ದು 'ತಲೈಕ್ಕವಸಂ ಉಯಿರ್ಕ್ಕವಸಂ', ಗತ್ತಿನ ಪ್ರಾಸ. ಲಡಾಖ್ ಕಡೆ ಗಡಿ ರಸ್ತೆ ಸಂಸ್ಥೆಯವರು ತಿರುವಿಗೊಂದು ಸರಸದ ಮಾತು ಬರೆಸಿಟ್ಟಿದ್ದಾರೆ, ಓದ್ತಾ ಹೋದರೆ ಕಂದಕಕ್ಕೇ ಇಳೀಬೇಕು. ನಮ್ಮವರದ್ದು ನೇರಾನೇರ: 'ಅತಿ ವೇಗ, ತಿಥಿ ಬೇಗ'. ವಡೆ, ಪಾಯಸ, ದಕ್ಷಿಣೆಗೆ ಕಾದಿರೋ ಪುರೋಹಿತರು, ಎಲ್ಲಾ ಕಣ್ಮುಂದೆ ಬಂದು ಕಾಲು ತಾನಾಗೇ ಬ್ರೇಕಿನ ಮೇಲೆ ಕೂರುತ್ತೆ. ನನ್ನ ವೋಟು ಇದಕ್ಕೇ.

ಆದರೆ ಆ ಬೋರ್ಡನ್ನ ನಮ್ಮ ಹೊರ ವರ್ತುಲ ರಸ್ತೆಗೆ ತಂದು ನೆಟ್ಟರೆ ಏನುಪಯೋಗ ಹೇಳಿ? ಮೆಟ್ರೋ ಕಾಮಗಾರಿ ಮಧ್ಯೆ ಅತಿ ವೇಗ ಸಿಕ್ಕಿದ ದಿನ ಮನೇಲಿ ಹೋಳಿಗೆನೇ ಮಾಡಿಸಬಹುದು. ಇಲ್ಲಿನ ಚಮತ್ಕಾರ ಬೇರೆ. ಹೆಲ್ಮೆಟ್ ಇರುತ್ತೆ, ಮೊಣಕೈಯಲ್ಲಿ. ಟಿನ್ ಫ್ಯಾಕ್ಟರಿ ಹತ್ತಿರ ಬಿಳಿ ಅಂಗಿ ಕಂಡ ತಕ್ಷಣ ಗಾಡಿ ನಿಲ್ಲಿಸದೇ, ಕೈ ಬಿಡದೇ, ಅದು ಮೊಣಕೈಯಿಂದ ತಲೆಗೆ ಏರುತ್ತೆ. ಬೆಲ್ಟ್ ಹಾಕೋಷ್ಟು ಪುರುಸೊತ್ತು ಯಾರಿಗಿದೆ! 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ ಆಯ್ತಲ್ಲ, ಕೆಲವು ಮನೆಯಲ್ಲಿ ಅರ್ಧ ಹೆಲ್ಮೆಟ್ಟೊಂದನ್ನ ತಂದು ಅದನ್ನೇ ಹೆಂಡತಿಗೂ ಅತ್ತೆಗೂ ಸರದಿ ಮೇಲೆ ಕೊಡ್ತಾರೆ.

ಈಗ ಕ್ಯಾಮೆರಾ ಬಂದು ಆ ಆಟಕ್ಕೂ ಕಲ್ಲು ಬಿತ್ತು. ಕೇರಳದವರೂ 2023ರ ಜೂನಿಂದ ರಸ್ತೆ ರಸ್ತೆಯಲ್ಲಿ ಎಐ ಕ್ಯಾಮೆರಾ ಇಟ್ಟು ಫೋಟೋ ಸಮೇತ ದಂಡದ ಚೀಟಿ ಮನೆಗೆ ಕಳಿಸ್ತಾರೆ. ನಮ್ಮಲ್ಲಿ ಅದೇ ವರ್ಷ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಬಿಟ್ಟಾಗ ನೋಡಬೇಕಿತ್ತು, ಆಷಾಢದ ಸೀರೆ ಸೇಲಿಗೆ ನುಗ್ಗಿದ ಹಾಗೆ ನುಗ್ಗಿ ಕೆಲವೇ ದಿನದಲ್ಲಿ ನೂರು ಕೋಟಿ ದಾಟಿಸಿದರು. ಅವತ್ತಿಂದ ನಮ್ಮ ಬೀದಿಯ ಒಬ್ಬರು ದಂಡದ ಮೆಸೇಜು ಬಂದರೆ ಕಟ್ಟೋದೇ ಇಲ್ಲ. 'ಇನ್ನೊಂದು ಆಫರ್ ಬರುತ್ತೆ ಇರಿ' ಅಂತಾರೆ. ನಗ್ತಿದ್ವಿ ನಾವೆಲ್ಲ. 2025ರ ಆಗಸ್ಟಲ್ಲೂ ಬಂದೇ ಬಿಡ್ತು ನೋಡಿ!